ಸಫಾರಿಯ ಹೊರೆ ಹೊತ್ತವರು

ಉರ್ದು ಶಾಲೆಯಲ್ಲಿ ಕಲಿತ ನಮಗೆ 'ಸಫರ್' ಎಂಬ ಪದ ಬಾಲ್ಯದ ಗೆಳೆಯನಿದ್ದಂತೆ. ಸಫರ್ ಎಂದರೆ ಪ್ರಯಾಣ, ಹೊರಟವನು ಮುಸಾಫಿರ್, ಅವನು ರಾತ್ರಿ ತಂಗುವ ಜಾಗ ಮುಸಾಫಿರ್‌ಖಾನಾ. ಮುಸಾಫಿರನಿಗೆ ನೀರು ಕೊಡಬೇಕು, ದಾರಿ ತೋರಿಸಬೇಕು. ಮುಸಾಫಿರನಾದವನು ತಾನು ಉಂಡ ಮನೆಯ ಮಾನ ಕಾಯಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆಮೇಲೆ ಕನ್ನಡ ಶಾಲೆಗೆ ಬಂದೆವು. ಅಲ್ಲಿ 'ಸಫಾರಿ' ಸಿಕ್ಕಿತು. ಮೊದಲು ಅದು ಮದುವೆಗಳಲ್ಲಿ ಗಂಡಿನ ಕಡೆಯ ಹಿರಿಯರು ತೊಡುತ್ತಿದ್ದ ಸೂಟಿನ ಹೆಸರಾಗಿತ್ತು, ಆಮೇಲೆ ಬಂಡೀಪುರದಲ್ಲಿ ಆನೆ ತೋರಿಸುವ ಜೀಪಿನ ಹೆಸರಾಯಿತು. ಸಫರ್ ಮತ್ತು ಸಫಾರಿ ಒಂದೇ ಬಳ್ಳಿಯ ಕಾಯಿಗಳೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಈಗ ನಮ್ಮ ಸಣ್ಣ ಪೇಟೆಗಳ ಟ್ರಾವೆಲ್ ಏಜೆನ್ಸಿಗಳ ಫಲಕಗಳ ಮೇಲೂ ಆಫ್ರಿಕಾ ಬಂದು ಕೂತಿದೆ. ಸಿಂಹ ನೋಡಲು ಕೀನ್ಯಾ, ಗೊರಿಲ್ಲಾ ನೋಡಲು ರುವಾಂಡ, ಮೈಮುರಿದು ಹತ್ತಲು ಟಾಂಜಾನಿಯಾದ ಕಿಲಿಮಂಜಾರೊ. 'ಸಾಹಸ ರಜೆ' ಎಂದು ದೊಡ್ಡ ಅಕ್ಷರ, ಕೆಳಗೆ ಹಸಿರೆಲೆಯ ಚಿತ್ರದೊಂದಿಗೆ 'ಜವಾಬ್ದಾರಿಯುತ ಪ್ರವಾಸ' ಎಂದು ಸಣ್ಣ ಅಕ್ಷರ. ಪ್ಲಾಸ್ಟಿಕ್ ಎಸೆಯಬೇಡಿ, ಪ್ರಾಣಿಗಳ ಹತ್ತಿರ ಹೋಗಬೇಡಿ ಎಂಬ ಸೂಚನೆಗಳೂ ಇರುತ್ತವೆ. ಒಳ್ಳೆಯ ಮಾತುಗಳೇ. ಆದರೆ ಈ ಜವಾಬ್ದಾರಿ ಪ್ರಾಣಿಗಳಿಗೆ ಮಾತ್ರವೇ, ಅಲ್ಲಿನ ಮನುಷ್ಯರಿಗೂ ಇದೆಯೇ? ಸಫಾರಿಯ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಿದರೆ ಈ ಪ್ರಶ್ನೆ ಎಷ್ಟು ಹಳೆಯದೆಂದು ತಿಳಿಯುತ್ತದೆ.

ಅರಬ್ಬಿಯ ಸಫರ್ ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಸ್ವಾಹಿಲಿ ಭಾಷೆಗೆ ಸೇರಿ ಸಫಾರಿಯಾಯಿತು. ಅಲ್ಲಿ ಅದಕ್ಕೆ ಇಂದಿಗೂ ಪ್ರಯಾಣವೆಂದೇ ಅರ್ಥ. ಮಗಳ ಮನೆಗೆ ಹೋಗುವ ಅಜ್ಜಿಯದ್ದೂ ಸಫಾರಿಯೇ. 19ನೇ ಶತಮಾನದಲ್ಲಿ ಓಮಾನಿನ ಸುಲ್ತಾನ ಸಯ್ಯಿದ್ ಸಯೀದ್ ಜಂಜಿಬಾರ್ ದ್ವೀಪವನ್ನೇ ರಾಜಧಾನಿ ಮಾಡಿಕೊಂಡ ಮೇಲೆ, ಎದುರು ದಡದ ಬಾಗಮೊಯೊದಿಂದ ಒಳನಾಡಿಗೆ ನೂರಾರು ಜನರ ಕಾಫಿಲಾಗಳು ಹೊರಡತೊಡಗಿದವು. ಹೋಗುವಾಗ ಬಟ್ಟೆ, ಮಣಿ, ತಾಮ್ರದ ತಂತಿ. ಬರುವಾಗ ಆನೆಯ ದಂತ. ಆ ದಂತ ಯುರೋಪ್ ಮತ್ತು ಅಮೆರಿಕಾದಲ್ಲಿ ಪಿಯಾನೋ ಮಣೆಗಳೂ ಬಿಲಿಯರ್ಡ್ಸ್ ಚೆಂಡುಗಳೂ ಆಗುತ್ತಿತ್ತು.

ಈ ಕಾಫಿಲಾಗಳಲ್ಲಿ ಗಾಡಿಗಳಿರಲಿಲ್ಲ. ಆ ಸೀಮೆಯಲ್ಲಿ ತ್ಸೆತ್ಸೆ ಎಂಬ ನೊಣವಿದೆ. ಅದು ಕಚ್ಚಿ ಹರಡುವ ರೋಗಕ್ಕೆ ಎತ್ತು, ಕುದುರೆಗಳು ಸತ್ತು ಹೋಗುತ್ತಿದ್ದವು. ಹಾಗಾಗಿ ಮನುಷ್ಯನ ತಲೆ ಮತ್ತು ಹೆಗಲೇ ಅಲ್ಲಿ ಗಾಡಿ. ಒಬ್ಬೊಬ್ಬನೂ ಸುಮಾರು 30 ಕಿಲೋ ಹೊತ್ತು ತಿಂಗಳುಗಟ್ಟಲೆ ನಡೆಯಬೇಕಿತ್ತು. ಇವರೆಲ್ಲ ಗುಲಾಮರೆಂದು ನಾವು ತಿಳಿದಿದ್ದೆವು. ಅದು ಪೂರ್ತಿ ನಿಜವಲ್ಲ. ನ್ಯಾಮ್ವೆಜಿ ಜನಾಂಗದ ಹೊರೆಯಾಳುಗಳು ಕೂಲಿಗೆ ದುಡಿಯುವ ಕಸುಬುದಾರರು. ಕೂಲಿಯ ಚೌಕಾಸಿ ಗೊತ್ತಿತ್ತು, ಯಜಮಾನ ಮಾತಿಗೆ ತಪ್ಪಿದರೆ ಹೊರೆ ಇಳಿಸಿ ಕೂರುವುದೂ ಗೊತ್ತಿತ್ತು.

ಆದರೆ ಅದೇ ದಾರಿಯಲ್ಲಿ ಸರಪಳಿ ತೊಟ್ಟವರೂ ನಡೆದರು. ಲವಂಗದ ತೋಟಗಳಿಗೆಂದು, ಕಡಲಾಚೆಯ ಮಾರುಕಟ್ಟೆಗಳಿಗೆಂದು ಹಿಡಿದು ತಂದ ಜನ ಅವರು. ಜಂಜಿಬಾರಿನ ಗುಲಾಮರ ಮಾರುಕಟ್ಟೆ ಮುಚ್ಚಿದ್ದು 1873ರಲ್ಲಿ. ಈ ವ್ಯಾಪಾರ ನಡೆಸಿದವರಲ್ಲಿ ಅರಬ್ಬರೂ ಸ್ವಾಹಿಲಿ ಮುಸ್ಲಿಮರೂ ಇದ್ದರು. ಕಾಫಿಲಾಗಳಿಗೆ ಸಾಲ ಕೊಟ್ಟವರಲ್ಲಿ ನಮ್ಮ ಕಛ್‌ನ ಭಾಟಿಯಾಗಳೂ ಖೋಜಾಗಳೂ ಇದ್ದರು. ಬಿಳಿಯರ ಲೆಕ್ಕವನ್ನು ಮಾತ್ರ ಬರೆದು ನಮ್ಮವರ ಲೆಕ್ಕ ಅಳಿಸಿದರೆ ಅದು ಚರಿತ್ರೆಯಾಗುವುದಿಲ್ಲ, ವಕಾಲತ್ತಾಗುತ್ತದೆ.

ಸರಪಳಿ ಮತ್ತು ಕೂಲಿ ಎರಡನ್ನೂ ಕಂಡ ಒಬ್ಬ ಮನುಷ್ಯನ ಕಥೆ ಇಲ್ಲಿ ಹೇಳಲೇಬೇಕು. ಹೆಸರು ಸೀದಿ ಮುಬಾರಕ್ ಬಾಂಬೆ. ಯಾವೋ ಜನಾಂಗದವನು. ಹುಡುಗನಾಗಿದ್ದಾಗ ಗುಲಾಮನಾಗಿ ಮಾರಾಟವಾಗಿ ಪಶ್ಚಿಮ ಭಾರತಕ್ಕೆ ಬಂದ. ಯಜಮಾನ ತೀರಿಕೊಂಡಾಗ ಬಿಡುಗಡೆ ಸಿಕ್ಕಿ ಮರಳಿ ಜಂಜಿಬಾರಿಗೆ ಹೋದ. 1857ರಲ್ಲಿ ರಿಚರ್ಡ್ ಬರ್ಟನ್ ಮತ್ತು ಜಾನ್ ಸ್ಪೀಕ್ ಎಂಬ ಇಬ್ಬರು ಇಂಗ್ಲಿಷರು ಒಳನಾಡಿನ ಸರೋವರಗಳನ್ನು ಹುಡುಕಲು ಹೊರಟಾಗ ಅವರ ಜೊತೆಗಾರನಾದ. ಬರ್ಟನ್ ಎಂದರೆ 1853ರಲ್ಲಿ ವೇಷ ಮರೆಸಿ ಮಕ್ಕಾ ಹೊಕ್ಕು ಬಂದ ಅದೇ ಆಸಾಮಿ. ಸಫಾರಿ ಎಂಬ ಪದವನ್ನು ಇಂಗ್ಲಿಷಿಗೆ ಪರಿಚಯಿಸಿದ ಕೀರ್ತಿಯೂ ಅವನಿಗೇ ಸಲ್ಲುತ್ತದೆ. ಇಬ್ಬರೂ ಭಾರತದ ಸೈನ್ಯದಲ್ಲಿದ್ದವರು, ಮುಬಾರಕ್ ಭಾರತದಲ್ಲಿ ಗುಲಾಮನಾಗಿದ್ದವನು. ಆದ್ದರಿಂದ ಆಫ್ರಿಕಾದ ನಟ್ಟನಡುವೆ ಅವರ ನಡುವಿನ ಮಾತುಕತೆ ನಡೆದದ್ದು ಹಿಂದುಸ್ತಾನಿಯಲ್ಲಿ! ಇದನ್ನು ಓದಿದ ದಿನ ನಮಗೆ ರೋಮಾಂಚನವಾಯಿತು, ಮರುಕ್ಷಣ ನಾಚಿಕೆಯೂ ಆಯಿತು. ಆ ಭಾಷೆಯನ್ನು ನಾವು ತಾಯಿಯ ಮಡಿಲಲ್ಲಿ ಕಲಿತೆವು, ಅವನು ದಾಸ್ಯದಲ್ಲಿ ಕಲಿತ.

ಮುಬಾರಕ್ ಆಮೇಲೂ ಸುಮ್ಮನೆ ಕೂರಲಿಲ್ಲ. ನೈಲ್ ನದಿಯ ಮೂಲ ಹುಡುಕಿದ ಸ್ಪೀಕ್ ಜೊತೆ ಮತ್ತೊಮ್ಮೆ ಹೋದ, 1871ರಲ್ಲಿ ಲಿವಿಂಗ್‌ಸ್ಟನ್‌ನನ್ನು ಅರಸಿ ಹೊರಟ ಸ್ಟ್ಯಾನ್ಲಿ ಜೊತೆ ನಡೆದ, 1873ರಿಂದ 1875ರವರೆಗೆ ಕ್ಯಾಮೆರಾನ್ ಜೊತೆ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ಖಂಡವನ್ನೇ ದಾಟಿದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಒಂದು ಬೆಳ್ಳಿ ಪದಕ, ಒಂದು ಸಣ್ಣ ಪಿಂಚಣಿ ಕೊಟ್ಟಿತು. 1885ರಲ್ಲಿ ತೀರಿಕೊಂಡ. ಸ್ಪೀಕ್ ಜೊತೆ ಅವನು ನಡೆದು ತಲುಪಿದ ಮಹಾಸರೋವರಕ್ಕೆ ಅದನ್ನೆಂದೂ ನೋಡದ ವಿಕ್ಟೋರಿಯಾ ರಾಣಿಯ ಹೆಸರು ಬಿತ್ತು. ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳನ್ನು ಕಂಡವರಿಗೆ ಮುಬಾರಕ್‌ನ ಮುಖ ತೀರಾ ಅಪರಿಚಿತವಲ್ಲ. ಅವರ ಪೂರ್ವಜರೂ ಅದೇ ಕಡಲು ದಾಟಿ ಬಂದವರು. ಹಿಂತಿರುಗುವ ಭಾಗ್ಯ ಮಾತ್ರ ಅವರಿಗಿರಲಿಲ್ಲ.

ಮುಂದೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಸಿದರು. 1896ರಿಂದ 1901ರವರೆಗೆ ನಡೆದ ಈ ಕೆಲಸಕ್ಕೆ ಸುಮಾರು 32,000 ಕೂಲಿಗಳು ಇಲ್ಲಿಂದ ಹೋದರು. ಹೆಚ್ಚಿನವರು ಪಂಜಾಬಿನವರು, ಅವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಸುಮಾರು 2,500 ಮಂದಿ ಮರಳಲಿಲ್ಲ. 1898ರಲ್ಲಿ ತ್ಸಾವೊ ನದಿಯ ಬಳಿ ಕೂಲಿಗಳನ್ನು ಹೊತ್ತೊಯ್ದ ಎರಡು ಸಿಂಹಗಳ ಕಥೆ ಜಗತ್ತಿಗೇ ಗೊತ್ತು. ಜ್ವರ, ಭೇದಿಗಳಲ್ಲಿ ಸತ್ತವರ ಕಥೆ ಯಾರಿಗೂ ಬೇಕಾಗಿಲ್ಲ.

ಆ ರೈಲಿನಲ್ಲೇ ಶ್ರೀಮಂತರ ಬೇಟೆ ಬಂತು. ಅಮೆರಿಕಾದ ಅಧ್ಯಕ್ಷ ಪದವಿಯಿಂದ ಆಗಷ್ಟೇ ಇಳಿದಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಮಗನೊಂದಿಗೆ ಬಂದು, ಸುಮಾರು 250 ಹೊರೆಯಾಳುಗಳನ್ನು ಕಟ್ಟಿಕೊಂಡು ಕಾಡು ಸುತ್ತಿದರು. ಅಪ್ಪ ಮಗ ಸೇರಿ ಹೊಡೆದ ದೊಡ್ಡ ಪ್ರಾಣಿಗಳು 512. ಅವರ ಪುಸ್ತಕ ಓದಿದವರೆಲ್ಲ ಸಫಾರಿಗೆ ಹಾತೊರೆದರು. ಪ್ರಯಾಣವೆಂಬ ಸಾಧು ಪದ ಹೀಗೆ ಬಂದೂಕು ಹಿಡಿಯಿತು. ಮೊದಲ ಮಹಾಯುದ್ಧದಲ್ಲಂತೂ ಇಡೀ ಪೂರ್ವ ಆಫ್ರಿಕಾದ ಗಂಡಸರನ್ನು ಹಿಡಿದು ಸೈನ್ಯದ ಹೊರೆ ಹೊರಿಸಲಾಯಿತು. ಹತ್ತಾರು ಸಾವಿರ ಮಂದಿ ಹಸಿವು, ಕಾಯಿಲೆಗಳಿಂದ ದಾರಿಯಲ್ಲೇ ಸತ್ತರು. ದಾರ್-ಎಸ್-ಸಲಾಮ್‌ನ ದೊಡ್ಡ ಮಾರುಕಟ್ಟೆಯ ಹೆಸರು ಕಾರಿಯಾಕೂ. ಅದು 'ಕ್ಯಾರಿಯರ್ ಕೋರ್' ಎಂಬ ಆ ಹೊರೆಯಾಳು ಪಡೆಯ ಹೆಸರೇ, ಜನರ ಬಾಯಲ್ಲಿ ಸವೆದು ಉಳಿದದ್ದು.

ಬೇಟೆಗಾರರೇ ಪ್ರಾಣಿಗಳನ್ನು ಮುಗಿಸಿದ ಮೇಲೆ ಸಂರಕ್ಷಣೆಯ ಯೋಚನೆ ಬಂತು. 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು. ಸೆರೆಂಗೆಟಿ ಎಂಬುದೇ ಮಸಾಯಿ ಜನರ ಮಾತು, ಕೊನೆಯಿಲ್ಲದ ಬಯಲು ಎಂದರ್ಥ. ಆ ಹೆಸರಿಟ್ಟವರನ್ನೇ 1959ರಲ್ಲಿ ಅಲ್ಲಿಂದ ಹೊರಗೆ ಕಳಿಸಲಾಯಿತು. ಪಕ್ಕದ ಗೊರೊಂಗೊರೊದಲ್ಲಿ ಮನುಷ್ಯರೂ ದನಗಳೂ ಕಾಡುಪ್ರಾಣಿಗಳೂ ಕೂಡಿ ಬಾಳಬಹುದು ಎಂಬ ಮಾತು ಕೊಟ್ಟು 8,292 ಚದರ ಕಿಲೋಮೀಟರಿನ ಪ್ರತ್ಯೇಕ ಪ್ರದೇಶ ಮಾಡಲಾಯಿತು. ಅದೇ ವರ್ಷ ಜರ್ಮನಿಯ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಅವರ ಸೆರೆಂಗೆಟಿಯ ಚಿತ್ರ ತೆರೆಕಂಡಿತು. ವಿಮಾನದಿಂದ ಪ್ರಾಣಿಗಳನ್ನು ಎಣಿಸುವಾಗ ಅವರ ಮಗ ಮೈಕೆಲ್ ಅಪಘಾತದಲ್ಲಿ ಸತ್ತಿದ್ದ. ಆ ತಂದೆಯ ದುಃಖವನ್ನೂ ಪ್ರಾಣಿಪ್ರೀತಿಯನ್ನೂ ನಾವು ಅನುಮಾನಿಸುವುದಿಲ್ಲ. ಆದರೆ ಮನುಷ್ಯರಿಲ್ಲದ ಆಫ್ರಿಕಾವೇ ನಿಜವಾದ ಆಫ್ರಿಕಾ ಎಂಬ ನಂಬಿಕೆ ಜಗತ್ತಿನ ಕಣ್ಣಿಗೆ ಹತ್ತಿದ್ದು ಅಂಥ ಚಿತ್ರಗಳಿಂದಲೇ. ಇಂದಿಗೂ ನಾವು ಜೀಪಿನಿಂದ ತೆಗೆಯುವ ಫೋಟೋದಲ್ಲಿ ದನ ಕಾಯುವ ಹುಡುಗ ಬಂದರೆ ಕ್ಯಾಮೆರಾ ಸರಿಸುತ್ತೇವಲ್ಲವೇ?

ಪ್ರವಾಸೋದ್ಯಮದಿಂದ ಒಳ್ಳೆಯದೇನೂ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ರುವಾಂಡ, ಉಗಾಂಡ, ಕಾಂಗೊಗಳ ಗಡಿಯ ವಿರುಂಗಾ ಬೆಟ್ಟಗಳಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 250 ಪರ್ವತ ಗೊರಿಲ್ಲಾಗಳಷ್ಟೇ ಉಳಿದಿದ್ದವು. ಈಗ ವಿರುಂಗಾ ಮತ್ತು ಉಗಾಂಡದ ಬ್ವಿಂಡಿ ಎರಡೂ ಸೇರಿ ಸಾವಿರ ದಾಟಿವೆ. ಒಂದು ಗೊರಿಲ್ಲಾ ಕುಟುಂಬವನ್ನು ದಿನಕ್ಕೆ ಎಂಟು ಜನ, ಒಂದೇ ಗಂಟೆ, ದೂರದಲ್ಲಿ ನಿಂತು ನೋಡಬೇಕು. ನಮ್ಮ ನೆಗಡಿಯೂ ಅವುಗಳಿಗೆ ಮಾರಿಯಾಗಬಲ್ಲದು. ರುವಾಂಡ 2017ರಲ್ಲಿ ಅನುಮತಿ ಶುಲ್ಕವನ್ನು 1,500 ಡಾಲರಿಗೆ ಏರಿಸಿತು. ಉದ್ಯಾನಗಳ ಆದಾಯದಲ್ಲಿ ಸುತ್ತಲಿನ ಹಳ್ಳಿಗಳ ಪಾಲನ್ನೂ ನೂರಕ್ಕೆ 5ರಿಂದ 10ಕ್ಕೆ ಏರಿಸಿತು.

ಆದರೆ ಬ್ವಿಂಡಿ 1991ರಲ್ಲಿ ಉದ್ಯಾನವಾದಾಗ ಆ ಕಾಡಿನ ಹಳೆಯ ಮಕ್ಕಳಾದ ಬಟ್ವಾ ಜನ ಬರಿಗೈಯಲ್ಲಿ ಹೊರಬಿದ್ದರು. ಪರರ ಹೊಲಗಳ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಕೂಲಿ ಮಾಡಿದರು. ತಮಗಾದ ಅನ್ಯಾಯವನ್ನು ಉಗಾಂಡದ ಸಾಂವಿಧಾನಿಕ ನ್ಯಾಯಾಲಯ ಒಪ್ಪಿಕೊಳ್ಳುವವರೆಗೆ, ಅಂದರೆ 2021ರವರೆಗೆ, ಅವರು ಕಾಯಬೇಕಾಯಿತು. ಪ್ರವಾಸಿಗರ ಮುಂದೆ ತಮ್ಮದೇ ಹಳೆಯ ಬದುಕನ್ನು ನಟಿಸಿ ತೋರಿಸುವುದು ಇಂದು ಅವರಲ್ಲಿ ಕೆಲವರ ಹೊಟ್ಟೆಪಾಡು.

ಗೊರೊಂಗೊರೊದಲ್ಲಿ ಕೊಟ್ಟ ಮಾತು ಏನಾಯಿತು? ಅಲ್ಲಿ 1959ರಲ್ಲಿ ಸುಮಾರು 8,000 ಜನರಿದ್ದರು, ಈಗ ಲಕ್ಷ ದಾಟಿದ್ದಾರೆ, ದನಗಳೂ ಹೆಚ್ಚಿವೆ, ಕಾಡು ತಾಳಲಾರದು ಎನ್ನುತ್ತದೆ ಟಾಂಜಾನಿಯಾ ಸರಕಾರ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಹೋಟೆಲುಗಳಿಗೂ ಜೀಪುಗಳಿಗೂ ಜಾಗವಿರುವಲ್ಲಿ ನಮ್ಮ ಕರುಗಳಿಗೆ ಮಾತ್ರ ಏಕಿಲ್ಲ ಎಂಬುದು ಮಸಾಯಿಗಳ ಪ್ರಶ್ನೆ. ಅದನ್ನೂ ತಳ್ಳಿಹಾಕಲಾಗದು. 2022ರಿಂದ ಕುಟುಂಬಗಳನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾಕ್ಕೆ ಸಾಗಿಸುವ ಕೆಲಸ ಆರಂಭವಾಯಿತು. ಅದೇ ವರ್ಷದ ಜೂನ್‌ನಲ್ಲಿ ಪಕ್ಕದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡುವಾಗ ಘರ್ಷಣೆಯಾಯಿತು. ಜನ ಗಾಯಗೊಂಡರು, ಒಬ್ಬ ಪೊಲೀಸನ ಪ್ರಾಣ ಹೋಯಿತು. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಸಾಯಿಗಳು ಸೆರೆಂಗೆಟಿಗೆ ಹೋಗುವ ರಸ್ತೆಯಲ್ಲೇ ನಿಂತರು. ಸಿಂಹ ನೋಡಲು ಹೊರಟ ಜೀಪುಗಳ ಒಳಗಿದ್ದವರು ಆ ದಿನ ಮೊದಲ ಬಾರಿಗೆ ಅಲ್ಲಿನ ಮನುಷ್ಯರನ್ನು ನೋಡಿರಬೇಕು.

ಬೇರೆ ದಾರಿಯೇ ಇಲ್ಲವೆಂದಲ್ಲ. ನಮೀಬಿಯಾ 1996ರ ಕಾನೂನಿನಿಂದ ಹಳ್ಳಿಗರ ಸಂಘಗಳಿಗೇ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು. ಅಂಥ 86 ಪ್ರದೇಶಗಳು ಇಂದು ದೇಶದ ಸುಮಾರು ಐದನೇ ಒಂದು ಭಾಗದಲ್ಲಿ ಹರಡಿವೆ. ಆನೆ, ಖಡ್ಗಮೃಗ ಬದುಕಿದ್ದರೆ ತಮಗೂ ಲಾಭ ಎಂದಾದಾಗ ಅವುಗಳನ್ನು ಕೊಲ್ಲುವವರಿಗೆ ಊರು ಆಸರೆ ಕೊಡುವುದಿಲ್ಲ. ಕೀನ್ಯಾದ ಮಸಾಯಿ ಮಾರಾದ ಸುತ್ತ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಪ್ರವಾಸಿ ಶಿಬಿರಗಳಿಗೆ ಗೇಣಿಗೆ ಕೊಡುತ್ತವೆ. ಜಮೀನು ಅವರದೇ, ಬಾಡಿಗೆ ತಿಂಗಳು ತಿಂಗಳು ಬರುತ್ತದೆ. ಇಲ್ಲೂ ಅಪಾಯವಿಲ್ಲದಿಲ್ಲ. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಬಾಡಿಗೆಯೂ ಕುಸಿಯಿತು. ನಮ್ಮ ರಜೆಯೊಂದನ್ನೇ ನಂಬಿದ ಬದುಕು ಎಷ್ಟು ತೆಳುವಾದ ದಾರಕ್ಕೆ ನೇತುಬಿದ್ದಿದೆ ಎಂದು ಆಗ ಎಲ್ಲರಿಗೂ ಕಂಡಿತು.

ಕೊನೆಗೆ ಕಿಲಿಮಂಜಾರೊ. 5,895 ಮೀಟರ್ ಎತ್ತರದ ಆ ಹಿಮದ ತುದಿಯನ್ನು ಮುಟ್ಟಿ ಬಂದವರು 'ನಾನು ಹತ್ತಿದೆ' ಎನ್ನುತ್ತಾರೆ. ಅವರ ಡೇರೆ, ಅಕ್ಕಿ, ಕುರ್ಚಿ, ಕೆಲವೊಮ್ಮೆ ಪಾಯಿಖಾನೆಯನ್ನೂ ಹೊತ್ತು ಅವರಿಗಿಂತ ಮೊದಲೇ ಮೇಲೇರಿ, ಚಹಾ ಕಾಯಿಸಿ ಕಾದವರು ಆ ವಾಕ್ಯದಲ್ಲಿ ಇರುವುದಿಲ್ಲ. ಸರಿಯಾದ ಬೂಟಿಲ್ಲದೆ, ಬೆಚ್ಚಗಿನ ಅಂಗಿಯಿಲ್ಲದೆ ಏರಿ ಆ ಚಳಿಯಲ್ಲಿ ಸತ್ತ ಹೊರೆಯಾಳುಗಳಿದ್ದಾರೆ. 2003ರಲ್ಲಿ ಅವರ ಪರವಾಗಿ ಸಂಘಟನೆಯೊಂದು ಹುಟ್ಟಿತು. ತಲೆಗೆ 20 ಕಿಲೋ ಮೀರದ ಹೊರೆ, ದಿನಕ್ಕೆ ಮೂರು ಹೊತ್ತು ಊಟ, ನ್ಯಾಯವಾದ ಕೂಲಿ, ಇವಿಷ್ಟೇ ಬೇಡಿಕೆ. ಇವುಗಳನ್ನು ಪಾಲಿಸುವ ಕಂಪೆನಿಗಳೂ ಇವೆ, ಪಾಲಿಸದವೂ ಇವೆ. ಪ್ಯಾಕೇಜಿನ ದರ ತೀರಾ ಅಗ್ಗವೆಂದು ನಾವು ಹಿಗ್ಗುವಾಗ ಆ ಉಳಿತಾಯ ಯಾರದೋ ಊಟದಿಂದ ಬಂದಿರಲೂಬಹುದು.

ಆದುದರಿಂದ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಬಲ್ಲವರು ಹೋಗಲಿ, ಆ ಬಯಲು, ಆ ಬೆಟ್ಟ, ಆ ಪ್ರಾಣಿಗಳು ಮನುಷ್ಯನ ಅಹಂಕಾರ ಇಳಿಸುವಂಥವು. ಹೊರಡುವ ಮೊದಲು ಮಾತ್ರ ಏಜೆಂಟನ ಬಳಿ ಮೂರು ಪ್ರಶ್ನೆ ಕೇಳಿದರೆ ಸಾಕು. ನಾವು ಮಲಗುವ ಶಿಬಿರದ ನೆಲ ಯಾರದು? ನಾವು ಕೊಡುವ ಹಣದಲ್ಲಿ ಅವರ ಪಾಲೆಷ್ಟು? ನಮ್ಮ ಹೊರೆ ಹೊರುವವನಿಗೆ ಕೂಲಿ, ಊಟ, ಕಂಬಳಿ ಸಿಗುತ್ತದೆಯೇ? ಉತ್ತರ ಸಿಗದಿದ್ದರೆ ಬೇರೆ ಏಜೆಂಟ್ ಇದ್ದಾನೆ. ಅಲ್ಲಿ ಹೋದ ಮೇಲೆ ಇನ್ನೂ ಹತ್ತಿರ ಒಯ್ಯಿ ಎಂದು ಚಾಲಕನಿಗೆ ಬಕ್ಷೀಸಿನ ಆಸೆ ತೋರಿಸದಿರುವುದು, ಕೇಳದೆ ಯಾರ ಫೋಟೋವನ್ನೂ ತೆಗೆಯದಿರುವುದು, ಇವು ಯಾವ ನಿಯಮಪುಸ್ತಕವಿಲ್ಲದೆಯೂ ತಿಳಿಯುವಂಥವು.

ಉಂಡ ಮನೆಯ ಮಾನ ಕಾಯಬೇಕೆಂದು ಮೇಷ್ಟ್ರು ಹೇಳಿದ್ದರಲ್ಲ, ಮುಸಾಫಿರನ ಜವಾಬ್ದಾರಿ ಅಷ್ಟೇ. ಹೊರೆ ಹೊತ್ತವನ ಹೆಸರು ಕೇಳಿ ತಿಳಿದುಕೊಂಡು ಬಂದರೆ, ಸಫಾರಿ ಮತ್ತೆ ಸಫರ್ ಆಗುತ್ತದೆ.