ಮೇಣದ ಬಳೆ

ಅಮ್ಮ ತಿಪಟೂರಿನಿಂದ ನ್ಯೂಜೆರ್ಸಿಗೆ ಬಂದು ಮೂರು ವಾರವಾಗಿತ್ತು. ನಮ್ಮ ಅಡುಗೆಮನೆಯ ಚಾವಣಿಯಲ್ಲಿ ಕಾಫಿ ಚೆಲ್ಲಿದಂತೆ ಒಂದು ಕಂದು ಕಲೆ ಕಾಣಿಸಿತು. ಅದರ ನೇರ ಮೇಲಿರುವುದೇ ಅಮ್ಮ ಬಳಸುವ ಬಚ್ಚಲುಮನೆ. ಇಲ್ಲಿನ ಬಚ್ಚಲುಮನೆಯ ನೆಲದಲ್ಲಿ ನೀರು ಹೋಗಲು ಕಂಡಿ ಇರುವುದಿಲ್ಲ. ಟೈಲ್ಸಿನ ಕೆಳಗಿರುವುದು ಮರದ ಹಲಗೆ. "ನೆಲಕ್ಕೆ ನೀರು ಚೆಲ್ಲಬೇಡ ಅಂತ ಎಷ್ಟು ಸಲ ಹೇಳೋದಮ್ಮ?" ಎಂದೆ. ಅಮ್ಮ ಮಾತಾಡಲಿಲ್ಲ. ಮಾರನೆಯ ದಿನ ಅಲ್ಲಿದ್ದ ತಂಬಿಗೆ ಕಾಣಲಿಲ್ಲ.

ಆಮೇಲೆ ಅವಳು ಬಾಸ್ಟನ್ನಿನಲ್ಲಿರುವ ತಂಗಿಯ ಮನೆಗೆ ಹೋದಳು. ಕಲೆ ಮಾತ್ರ ದೊಡ್ಡದಾಗುತ್ತಲೇ ಇತ್ತು. ಆ ಬಚ್ಚಲುಮನೆಯನ್ನು ಈಗ ಬಳಸುತ್ತಿದ್ದವರು ನನ್ನ ಮಕ್ಕಳು. ಆಡಿಟ್ ಮಾಡಿ ಹೊಟ್ಟೆ ಹೊರೆಯುವವನಿಗೆ ಇಷ್ಟು ಸುಳಿವು ಸಾಕು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಕಮೋಡಿಗೆ ಸುರಿದು ಫ್ಲಶ್ ಮಾಡಿದೆ. ಕಮೋಡಿನ ಬುಡದಲ್ಲಿ ಕಿತ್ತಳೆ ಬಣ್ಣದ ಗೆರೆಯೊಂದು ನಿಧಾನವಾಗಿ ಹೊರಬಂತು.

ಶೌಚಾಲಯದ ಚರಿತ್ರೆ ಬರೆಯುವವರು ಫ್ಲಶ್ಶಿನ ಬಗ್ಗೆಯೇ ಹೆಚ್ಚು ಬರೆಯುತ್ತಾರೆ. 1596ರ ಜಾನ್ ಹ್ಯಾರಿಂಗ್ಟನ್‌ನಿಂದ ಶುರುಮಾಡಿ, ಅದನ್ನು ಕಂಡುಹಿಡಿಯದೇ ಇದ್ದ ಥಾಮಸ್ ಕ್ರ್ಯಾಪರ್‌ನಿಗೂ ಒಂದು ನಮಸ್ಕಾರ ಹಾಕಿ ಮುಗಿಸುತ್ತಾರೆ. ನನಗೆ ಮುಖ್ಯವೆನಿಸುವವನು ಅಲೆಕ್ಸಾಂಡರ್ ಕಮ್ಮಿಂಗ್. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಈತ 1775ರಲ್ಲಿ, ಕೆಳಗಿನ ಕೊಳವೆಯನ್ನು ಬಗ್ಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ ಪೇಟೆಂಟ್ ಪಡೆದ. ಚರಂಡಿಯ ವಾಸನೆ ಮೇಲೆ ಬರದಂತೆ ನೀರೇ ಮುಚ್ಚಳವಾಯಿತು.

ಆದರೆ ನೀರು ಮುಚ್ಚಲಾಗದ ಸಂದು ಒಂದಿತ್ತು. ಪಿಂಗಾಣಿಯ ಕಮೋಡು ಸೀಸದ ಕೊಳವೆಗೆ ಸೇರುವ ಜಾಗ. ಪಿಂಗಾಣಿಗೂ ಸೀಸಕ್ಕೂ ಬೆಸುಗೆ ಕೂಡುವುದಿಲ್ಲ. ಕಿಟಕಿಯ ಗಾಜಿಗೆ ಬಳಿಯುವ ಪುಟ್ಟಿಯನ್ನು ಮೆತ್ತುತ್ತಿದ್ದರು. ಅದು ಒಣಗಿ ಬಿರುಕು ಬಿಡುತ್ತಿತ್ತು.

1871ರಲ್ಲಿ ವಿಕ್ಟೋರಿಯಾ ರಾಣಿಯ ಮಗ, ವೇಲ್ಸ್ ರಾಜಕುಮಾರ, ಸ್ಕಾರ್‌ಬರೋ ಬಳಿಯ ಒಂದು ಬಂಗಲೆಯಲ್ಲಿ ಅತಿಥಿಯಾಗಿದ್ದು ಬಂದು ಟೈಫಾಯ್ಡಿನಿಂದ ಮಲಗಿದ. ಅವನೇನೋ ಬದುಕಿಕೊಂಡ. ಅಲ್ಲೇ ಉಳಿದುಕೊಂಡಿದ್ದ ಚೆಸ್ಟರ್‌ಫೀಲ್ಡ್‌ನ ಅರ್ಲ್ ಸತ್ತ. ದೂರು ಬಂಗಲೆಯ ಚರಂಡಿಯ ಮೇಲೆ ಬಂತು. ಆಗ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಚರಂಡಿಯ ಗಾಳಿಯೆಂದರೆ ಜನ ನಡುಗುತ್ತಿದ್ದರು. ಸಂದು ಸೋರುತ್ತಿದೆಯೇ ಎಂದು ನೋಡಲು ಪ್ಲಂಬರುಗಳು ಮನೆಯ ಮೇಲಿನಿಂದ ಕೊಳವೆಯೊಳಕ್ಕೆ ಪೆಪ್ಪರಮಿಂಟ್ ಎಣ್ಣೆ ಮತ್ತು ಬಿಸಿನೀರು ಸುರಿಯುತ್ತಿದ್ದರು. ಇನ್ನೊಬ್ಬ ಕೋಣೆ ಕೋಣೆಗೆ ಹೋಗಿ ಮೂಸುತ್ತಿದ್ದ. ಸುರಿದವನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಮನೆಯೊಳಗೆ ಬರುವಂತಿರಲಿಲ್ಲ. ಅವನ ಮೈಯೇ ಘಮಘಮ. ನನ್ನ ಕೇಸರಿಬಾತಿನ ಪ್ರಯೋಗ ಇದರ ಬಡ ಸಂತಾನ.

ಟೈಫಾಯ್ಡ್ ತರುವುದು ಗಾಳಿಯಲ್ಲ. ಕಾರ್ಲ್ ಎಬರ್ಥ್ 1880ರಲ್ಲಿ ಅದರ ರೋಗಾಣುವನ್ನು ಗುರುತಿಸಿದ. ಅಪರಾಧಿಯನ್ನು ತಪ್ಪಾಗಿ ಹಿಡಿದಿದ್ದರೂ, ಆ ಭಯದಿಂದ ಮನೆಗಳ ಸಂದುಗಳು ಭದ್ರವಾದವು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿಯಾಗುವುದನ್ನು ನಾನು ಬಿ.ಕಾಂ.ನಲ್ಲೇ ಕಲಿತಿದ್ದೆ. ಆದರೆ ಅಮ್ಮನ ಮೇಲೆ ಬರೆದ ಖರ್ಚು ಹಾಗೆ ತಾನಾಗಿ ಟ್ಯಾಲಿಯಾಗುವಂಥದ್ದಲ್ಲ.

ಪುಟ್ಟಿಯ ಜಾಗಕ್ಕೆ ಅಮೆರಿಕದಲ್ಲಿ ಬಂದದ್ದು ಮೇಣದ ಬಳೆ. ಈಗಿನದು ಹೆಚ್ಚಾಗಿ ಪೆಟ್ರೋಲಿಯಂ ಮೇಣ. ಅದು ಒಣಗುವುದಿಲ್ಲ, ನೀರು ಹೀರುವುದಿಲ್ಲ, ಪಿಂಗಾಣಿಗೂ ಲೋಹಕ್ಕೂ ಅಂಟುತ್ತದೆ. ನಮ್ಮೂರಿನಲ್ಲಿ ಕಮೋಡನ್ನು ಬಿಳಿ ಸಿಮೆಂಟಿನಲ್ಲಿ ಕೂರಿಸಿದರೆ ಮುಗಿಯಿತು. ಇಲ್ಲಿನ ಮರದ ನೆಲ ಸೆಕೆಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಗಟ್ಟಿಯಾಗುವ ವಸ್ತು ಬಿರಿಯುತ್ತದೆ. ಮೇಣಕ್ಕೂ ಒಂದು ದೋಷವಿದೆ: ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ. ಕಮೋಡು ಒಂದು ಸಲ ಅಲ್ಲಾಡಿದರೂ ಸಂದು ಬಿಡಬಹುದು. ಫ್ಲಶ್ ಮಾಡಿದಾಗ ಮಾತ್ರ ಒಂದಿಷ್ಟು ಹನಿ ಸೋರುವುದರಿಂದ, ಹಲಗೆ ಕೊಳೆಯುವವರೆಗೂ ಗೊತ್ತಾಗದೇ ಇರಬಹುದು. ನಿಮ್ಮ ಕಮೋಡು ಅಲ್ಲಾಡುತ್ತಿದ್ದರೆ ಇವತ್ತೇ ಬುಡಕ್ಕೆ ಬಿಲ್ಲೆ ಕೊಟ್ಟು ನಿಲ್ಲಿಸಿ. ಸೋರಿದ್ದರೆ ಬಳೆಯನ್ನೇ ಬದಲಿಸಿ.

ಶನಿವಾರ ನೀರಿನ ವಾಲ್ವ್ ಮುಚ್ಚಿ, ಉಳಿದ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದು, ಎರಡು ನಟ್ಟು ಬಿಚ್ಚಿ, ಹೆಂಡತಿಯ ಸಹಾಯದಿಂದ ಕಮೋಡನ್ನು ಎತ್ತಿದೆ. ಕೊಳವೆಯ ಬಾಯಿಗೆ ಹಳೆ ಬಟ್ಟೆ ತುರುಕಿ ಮೇಣ ಕೆರೆದೆ. ಆಗ ಕಂಡಿತು. ಕೊಳವೆಯ ಬಾಯಿಗೆ ಕೂರಿಸಿದ ಫ್ಲಾಂಜ್ ನೆಲದ ಮೇಲೆ ಇರಬೇಕಿತ್ತು. ಅದು ಟೈಲ್ಸಿಗಿಂತ ಕೆಳಗೆ, ಗುಂಡಿಯಲ್ಲಿ ಕೂತಿತ್ತು. ಬಳೆ ಅಷ್ಟು ಆಳಕ್ಕೆ ಮುಟ್ಟಿರಲೇ ಇಲ್ಲ. ಎತ್ತರಿಸುವ ಉಂಗುರವೊಂದನ್ನು ಹಾಕಿ, ಹೊಸ ಬಳೆ ಇಟ್ಟು, ಕಮೋಡನ್ನು ನೇರವಾಗಿ ಇಳಿಸಿ, ಮೈಭಾರ ಬಿಟ್ಟು ಕೂತೆ. ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಅವಸರ ಮಾಡಿದರೆ ಪಿಂಗಾಣಿ ಸೀಳುತ್ತದೆ. ಬಳೆಗೆ ಹತ್ತು ಡಾಲರೂ ಆಗಿರಲಿಲ್ಲ.

ಅಮ್ಮ ವಾಪಸು ಬರುವ ಹೊತ್ತಿಗೆ ತಂಬಿಗೆಯನ್ನು ಹುಡುಕಿ ಇದ್ದಲ್ಲೇ ಇಟ್ಟಿದ್ದೆ. ಅವಳದನ್ನು ತನ್ನ ಪೆಟ್ಟಿಗೆಯ ತಳದಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು.

"ನಿಂದೇನೂ ತಪ್ಪಿರಲಿಲ್ಲಮ್ಮ. ಹಳೇ ನೆಲದ ಮೇಲೇ ಹೊಸ ಟೈಲ್ಸ್ ಹಾಕಿದ್ದಾರೆ. ಅದಕ್ಕೇ ಸೋರಿದ್ದು" ಎಂದೆ.

"ಹಾಕಿಸಿದ್ದು ಯಾರೋ?" ಎಂದು ಕೇಳಿದಳು.

ಹೋದ ವರ್ಷ, ಪ್ಲಂಬರಿನ ಕೂಲಿ ಉಳಿಸಿ, ನಾನೇ.