ದೀಕ್ಷಾಸ್ನಾನದ ಪುಸ್ತಕ ಮತ್ತು ವಲಸೆಯ ವಂಶಾವಳಿ

ಚದುರಿಹೋದ ಜನಾಂಗವೊಂದರ ಕುಟುಂಬ ಚರಿತ್ರೆಯನ್ನು ಅರಸುವವರಿಗೆ ಅರ್ಮೇನಿಯನ್ ಕ್ರೈಸ್ತರು ಉತ್ತಮ ನಿದರ್ಶನ. ಪಾರಸಿಯ ದೊರೆ ಷಾ ಅಬ್ಬಾಸನು 1604ರಲ್ಲಿ ಜುಲ್ಫಾ ಪಟ್ಟಣವನ್ನು ಬರಿದುಮಾಡಿ, ಅಲ್ಲಿಯ ವರ್ತಕರನ್ನು ಇಸ್ಫಹಾನಿಗೆ ಬಲವಂತವಾಗಿ ಸಾಗಿಸಿದನು. ಅಲ್ಲಿ ಹುಟ್ಟಿದ ನವ ಜುಲ್ಫಾದಿಂದ ಅವರ ಸಂತತಿಯು ಸೂರತ್, ಮದರಾಸು, ಕಲ್ಕತ್ತಗಳಿಗೆ ಬಂದಿತು. ಮದರಾಸಿನ ಸಂತ ಮರಿಯಮ್ಮನವರ ಅರ್ಮೇನಿಯನ್ ದೇವಾಲಯದ ಗೋರಿಕಲ್ಲುಗಳು ಈ ದೀರ್ಘ ಪಯಣದ ಸಾಕ್ಷಿಗಳು. ಜಗತ್ತಿನ ಪ್ರಥಮ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಹೊರಬಂದದ್ದೂ ಮದರಾಸಿನಲ್ಲಿಯೇ. ಅದರ ಸಂಪಾದಕರು ಹರುತ್ಯೂನ್ ಶ್ಮಾವೊನ್ಯನ್ ಎಂಬ ಗುರುಗಳು. ನಾಡು ಕೈತಪ್ಪಿದವರಿಗೆ ದೇವಾಲಯವೇ ದಾಖಲೆಯ ಮನೆಯಾಯಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪವಾದ ಚರಿತ್ರೆ ಕರಾವಳಿಯ ಕೊಂಕಣಿ ಕಥೋಲಿಕರದು. ಹದಿನಾರನೆಯ ಶತಮಾನದಿಂದ ಅವರ ಪೂರ್ವಜರು ಗೋವೆಯನ್ನು ತೊರೆದು ಕನ್ನಡ ಜಿಲ್ಲೆಗೆ ಬಂದರು. 1560ರಲ್ಲಿ ಗೋವೆಯಲ್ಲಿ ನೆಲೆಗೊಂಡ ಧರ್ಮವಿಚಾರಣಾ ನ್ಯಾಯಾಲಯ, ಕ್ಷಾಮ, ಯುದ್ಧ ಇವು ಹಿಂದಿನಿಂದ ದೂಡಿದವು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ದೊರೆತ ಬೇಸಾಯದ ಭೂಮಿ ಮುಂದಿನಿಂದ ಕರೆಯಿತು. ಮಂಗಳೂರಿನ ಮಿಲಾಗ್ರಿಸ್ ದೇವಾಲಯ 1680ರಲ್ಲಿ ಸ್ಥಾಪಿತವಾಯಿತು.

ಈ ಕುಟುಂಬಗಳ ಮೂಲವನ್ನು ಹುಡುಕುವವರಿಗೆ ಮೊದಲ ತೊಡಕು ಅಡ್ಡಹೆಸರು. ಡಿಸೋಜ, ಪಿಂಟೊ ಮುಂತಾದವು ದೀಕ್ಷಾಸ್ನಾನದ ಸಮಯದಲ್ಲಿ ಪೋರ್ಚುಗೀಸ್ ಗುರುಗಳಿಂದಲೋ ಜ್ಞಾನ ತಂದೆಯಿಂದಲೋ ಬಂದ ಹೆಸರುಗಳು. ಆದುದರಿಂದ ಹೆಸರು ಒಂದಾದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಗದು. ಪ್ರಭು, ಶೆಣೈ, ಕಾಮತ್ ಎಂಬ ಹಳೆಯ ಕುಲನಾಮಗಳು ಕೆಲವು ಮನೆಗಳ ನೆನಪಿನಲ್ಲಿ ಮಾತ್ರ ಉಳಿದಿವೆ.

ಎರಡನೆಯ ತೊಡಕು 1784. ಆ ವರ್ಷ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದನು, ದೇವಾಲಯಗಳು ನೆಲಸಮವಾದವು. ಬದುಕುಳಿದವರು ಬಿಡುಗಡೆ ಹೊಂದಿದ್ದು 1799ರಲ್ಲಿ. ಅನೇಕ ಮನೆತನಗಳಿಗೆ ಬರಹದ ದಾರಿ ತೆರೆಯುವುದೇ ಅಲ್ಲಿಂದಾಚೆ. ಅದಕ್ಕೂ ಹಿಂದಿನದು ಬಾಯಿಂದ ಬಾಯಿಗೆ ಬಂದ ಮಾತು. ಅದನ್ನು ತಿರಸ್ಕರಿಸಲಾಗದು, ಪರೀಕ್ಷಿಸದೆ ಒಪ್ಪಲೂ ಆಗದು.

ಇಪ್ಪತ್ತನೆಯ ಶತಮಾನದಲ್ಲಿ ಉದ್ಯೋಗವನ್ನರಸಿ ಬೆಂಗಳೂರಿಗೆ ಬಂದು ರಾಜಾಜಿನಗರ, ವಿಜಯನಗರ, ಕೆಂಗೇರಿಗಳಂಥ ಬಡಾವಣೆಗಳಲ್ಲಿ ನೆಲೆಸಿದವರಿಗೆ ಇದು ಮತ್ತೊಂದು ವಲಸೆ. ಅವರ ಮೊಮ್ಮಕ್ಕಳು ಧರ್ಮಕೇಂದ್ರದ ಕಚೇರಿಗೆ ಬಂದು ಅಜ್ಜನ ಊರು ಯಾವುದೆಂದು ಕೇಳಿದರೆ, ಗುರುವಿನ ಕೈಯಲ್ಲಿರುವುದು ದೀಕ್ಷಾಸ್ನಾನದ ಪುಸ್ತಕ. ಇಂಥ ಪುಸ್ತಕವನ್ನು ಪ್ರತಿ ಧರ್ಮಕೇಂದ್ರವೂ ಇಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿಯು ಹಳೆಯ ಪುಸ್ತಕಗಳನ್ನೂ ಜತನದಿಂದ ಕಾಪಾಡಬೇಕೆನ್ನುತ್ತದೆ. ಗೆದ್ದಲಿಗೆ ಬಿಟ್ಟ ಒಂದು ಪುಟದೊಡನೆ ಒಂದು ಮನೆತನದ ದಾರಿಯೇ ಅಳಿಸಿಹೋಗಬಹುದು.

ಆದರೆ ವಂಶಾವಳಿಗೆ ಇನ್ನೊಂದು ಮುಖವಿದೆ. ಎಜ್ರನ ಗ್ರಂಥದಲ್ಲಿ ಪಟ್ಟಿಯಲ್ಲಿ ಹೆಸರು ಕಾಣದವರು ಯಾಜಕತ್ವದಿಂದ ಹೊರಗುಳಿದರು. ಮತ್ತಾಯನ ವಂಶಾವಳಿಯಾದರೋ ತಾಮಾರಳನ್ನೂ ರಾಹಾಬಳನ್ನೂ ಮೋವಾಬಿನ ರೂತಳನ್ನೂ ಒಳಗೆ ಕರೆದುಕೊಂಡಿತು. ನಮ್ಮಲ್ಲಿ ಮೂಲದ ಹುಡುಕಾಟವು ಬಹುಬೇಗ ಜಾತಿಯ ಹೆಗ್ಗಳಿಕೆಯಾಗಿ ತಿರುಗುತ್ತದೆ. ಮತಾಂತರಕ್ಕೆ ಮುಂಚಿನ ಕುಲವನ್ನು ಮೆರೆಸಲು ಪುಸ್ತಕವನ್ನು ತೆರೆಯುವುದುಂಟು. ಆ ಪುಸ್ತಕ ಹುಟ್ಟಿದ್ದು ಕುಲವನ್ನು ಸ್ಥಾಪಿಸಲಿಕ್ಕಲ್ಲ. ಹೊಸ ಜನ್ಮವನ್ನು ದಾಖಲಿಸಲಿಕ್ಕೆ. ಹಳೆಯ ಪುಟವನ್ನು ತೆರೆದು ತೋರಿಸುವ ಗುರು ಈ ಎರಡನ್ನೂ ಬಲ್ಲವನಾಗಿರಬೇಕು: ಹುಡುಕುವವರಿಗೆ ಪೂರ್ವಜರ ಹೆಸರನ್ನು ನಿಷ್ಠೆಯಿಂದ ಒಪ್ಪಿಸುವುದು, ಆ ಹೆಸರು ಮತ್ತೊಬ್ಬರನ್ನು ಹೊರಗಿಡುವ ಗೋಡೆಯಾಗದಂತೆ ಕಾಯುವುದು.