ಚಕ್ರವಿರುವ ಬಾತುಕೋಳಿ

ನನ್ನ ಮನೆಗೆ ಬಂದಿದ್ದ ಅಮ್ಮನನ್ನು ಬಾಸ್ಟನ್ನಿನ 'ಡಕ್ ಟೂರ್'ಗೆ ಕರೆದುಕೊಂಡು ಹೋಗಿದ್ದೆ. ಊರೆಲ್ಲ ಸುತ್ತಿದ ಬಸ್ಸು ಸೀದಾ ಚಾರ್ಲ್ಸ್ ನದಿಗೇ ಇಳಿದಾಗ ಅಮ್ಮ ನನ್ನ ಕೈ ಹಿಡಿದು, "ಇದು ಮುಳುಗಲ್ವೇನೋ?" ಅಂದರು. "ಇಲ್ಲಮ್ಮ" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಓದಿದೆ.

ಈ ಬಾತುಕೋಳಿಯ ಮೂಲ ಯುದ್ಧ. 1942ರಲ್ಲಿ ಅಮೆರಿಕದ ಸೇನೆಗಾಗಿ ಜಿಎಂಸಿ ಲಾರಿಗೆ ದೋಣಿಯ ಒಡಲು ತೊಡಿಸಿ ಮಾಡಿದ ಗಾಡಿ. ಹೆಸರು 'ಡಿಯುಕೆಡಬ್ಲ್ಯೂ', ಸೈನಿಕರ ಬಾಯಲ್ಲಿ 'ಡಕ್' ಆಯಿತು. ಬಂದರಿಲ್ಲದ ಕಡೆ ಹಡಗಿನಿಂದ ದಡಕ್ಕೆ ಸಾಮಾನು ಸಾಗಿಸುವುದು ಅದರ ಕೆಲಸ. 1943ರಲ್ಲಿ ಸಿಸಿಲಿ, 1944ರಲ್ಲಿ ನಾರ್ಮಂಡಿ... ಸುಮಾರು 21,000 ತಯಾರಾದವು. ಯುದ್ಧ ಮುಗಿದದ್ದೇ ತಡ, 1946ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಂಡವು. ಬಾಸ್ಟನ್ನಿನಲ್ಲಿ ಈ ಸವಾರಿ ಶುರುವಾದದ್ದು 1994ರಲ್ಲಿ.

ಆದರೆ 1999ರಲ್ಲಿ ಅರ್ಕಾನ್ಸಾದಲ್ಲಿ ಒಂದು ಮುಳುಗಿ 13 ಜನ ಸತ್ತರು. ತಲೆಯ ಮೇಲಿನ ಚಾವಣಿಯೇ ಅವರಿಗೆ ಬಲೆಯಾಗಿತ್ತು. ನೀರು ತುಂಬಿದರೂ ತೇಲುವಂತೆ ಮಾಡಿ, ಇಲ್ಲವೇ ಚಾವಣಿ ತೆಗೆಯಿರಿ ಅಂತ ತನಿಖೆ ಮಾಡಿದವರು ಹೇಳಿದರು. ಅದು ಕಡ್ಡಾಯವಾಗಲಿಲ್ಲ. 2018ರಲ್ಲಿ ಮಿಸೌರಿಯ ಕೆರೆಯೊಂದರಲ್ಲಿ ಬಿರುಗಾಳಿಗೆ ಸಿಕ್ಕಿ ಮತ್ತೆ 17 ಜನ ಸತ್ತರು. ಕಾನೂನು ಬಂದದ್ದು 2022ರ ಕೊನೆಯಲ್ಲಿ!

ಅಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೇಳುವ ಮೊದಲು ನಾನು ಓದಿಕೊಳ್ಳಬೇಕಿತ್ತು. ನಿಮ್ಮಲ್ಲಿ ಯಾರಾದರೂ ಈ ಬಾತುಕೋಳಿ ಹತ್ತಿದ್ದೀರಾ?